ಮೇಜಿನ ಮೇಲೊಂದು ಗುಡ್ಡದ ಕೋಟೆ

ಹುಬ್ಬಳ್ಳಿಯಿಂದ ನವಲಗುಂದ ದಾಟಿ ಮುಂದೆ ಹೋದರೆ ಎರಿಹೊಲದ ಸಪಾಟು ಬಯಲಿನಲ್ಲಿ ಒಂಟಿ ಗುಡ್ಡವೊಂದು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಅದು ನರಗುಂದ. ಬುಡದಲ್ಲಿ ಊರು, ನೆತ್ತಿಯ ಮೇಲೆ ಕೋಟೆ. ಅದನ್ನು 1674ರಲ್ಲಿ ಕಟ್ಟಿಸಿದವನು ಶಿವಾಜಿ. 1785ರಲ್ಲಿ ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿತು. 1858ರಲ್ಲಿ ಇಲ್ಲಿನ ದೊರೆ ಬಾಬಾಸಾಹೇಬ ಭಾವೆ ಬಂಡೆದ್ದಾಗ ಬ್ರಿಟಿಷರು ಅದನ್ನು ಹಿಡಿದರು. ಇಂದು ಗದಗ ಜಿಲ್ಲೆಗೆ ಸೇರಿದರೂ 1997ರವರೆಗೆ ನರಗುಂದ ಧಾರವಾಡ ಜಿಲ್ಲೆಯದೇ. ಅಂತಸ್ತುಗಳಿರುವ ಆಟದ ನೆಲ ಕಟ್ಟಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ನಮ್ಮ ಸುತ್ತ ಸಿಗಲಿಕ್ಕಿಲ್ಲ.

ಆಟ ಯಾವುದು ಎಂದರೆ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ರೋಲ್ ಪ್ಲೇಯಿಂಗ್ ಗೇಮ್. ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ದೊಡ್ಡಾಟದ ಭಾಗವತನ ಹಾಗೆ ಒಬ್ಬ ಗೇಮ್ ಮಾಸ್ಟರ್ ಕಥೆ ನಡೆಸುತ್ತಾನೆ. ಸಂದೇಹ ಬಂದಲ್ಲಿ ದಾಳ ತೀರ್ಮಾನ ಹೇಳುತ್ತದೆ. ಪಾತ್ರಗಳಿಗೆ ಪುಟ್ಟ ಗೊಂಬೆಗಳು, ಗೊಂಬೆಗಳಿಗೆ ನಡೆದಾಡಲು ನೆಲ.

ಈ ನೆಲಕ್ಕೂ ಒಂದು ವಂಶಾವಳಿಯಿದೆ. 1812ರಲ್ಲಿ ಪ್ರಷ್ಯಾದ ರೈಸ್‌ವಿಟ್ಸ್ ಎಂಬಾತ ತನ್ನ ದೊರೆಗೆ ಒಂದು ಯುದ್ಧದಾಟದ ಮೇಜು ಒಪ್ಪಿಸಿದ. ಬೇಕಾದ ಹಾಗೆ ಜೋಡಿಸಬಹುದಾದ ಬಿಲ್ಲೆಗಳಲ್ಲಿ ಗುಡ್ಡ, ಹೊಳೆ, ದಾರಿಗಳನ್ನು ಮೂಡಿಸಿದ್ದ ಮೇಜು ಅದು. ಅವನ ಮಗ 1824ರಲ್ಲಿ ಅದೇ ಆಟವನ್ನು ನಕ್ಷೆಯ ಹಾಳೆಗೆ ಇಳಿಸಿದ. 1970ರ ದಶಕದ ಆರಂಭದಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವ್ ಆರ್ನೆಸನ್ ಮೇಜಿನ ಮೇಲೊಂದು ಆಟಿಕೆ ಕೋಟೆಯಿಟ್ಟು, ಅದರ ಕೆಳಗಿನ ನೆಲಮಾಳಿಗೆಗಳನ್ನು ಒಂದರಡಿ ಒಂದರಂತೆ ಕಾಗದದಲ್ಲಿ ಬರೆದ. ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಬೇರು ಅಲ್ಲಿದೆ.

ನಮ್ಮ ಕೈಗಂತೂ ಪುಟ್ಟ ನೆಲ ಕಟ್ಟುವ ಈ ವಿದ್ಯೆ ಹೊಸದಲ್ಲ. ಬಲಿಪಾಡ್ಯದ ದಿನ ಈ ಸೀಮೆಯ ಮನೆಗಳಲ್ಲಿ ಸೆಗಣಿಯ ಪಾಂಡವರನ್ನು ಮಾಡಿ, ಹೂವು, ಉತ್ತರಾಣಿ ಕಡ್ಡಿ ಸಿಕ್ಕಿಸಿ ಕೂರಿಸುತ್ತಾರೆ. ಬೆಳಗಾವಿ ಕಡೆಯ ಮಕ್ಕಳು ದೀಪಾವಳಿಗೆ ಅಂಗಳದಲ್ಲಿ ಕಿಲ್ಲೆಯನ್ನೇ ಎಬ್ಬಿಸುತ್ತಾರೆ. ಕಲ್ಲು ಇಟ್ಟಂಗಿಯ ಗುಡ್ಡೆ, ಮೇಲೆ ಕೆಸರಿನಲ್ಲಿ ಅದ್ದಿದ ಗೋಣಿತಟ್ಟು, ಅದರ ಮೇಲೆ ಸಾಸಿವೆ ಎರಚಿದರೆ ಕೆಲವೇ ದಿನಕ್ಕೆ ಹಸಿರು. ಮಾದರಿ ರೈಲು ಕಟ್ಟುವವರು ಪ್ಲಾಸ್ಟರ್ ಬಟ್ಟೆ ಹೊದಿಸಿ ಬೆಟ್ಟ ಮಾಡುವುದೂ ಇದೇ ಉಪಾಯದಿಂದ.

ಆದರೆ ಆ ಕಿಲ್ಲೆ ನೋಡಲಿಕ್ಕೆ ಕಟ್ಟಿದ್ದು, ನಮ್ಮ ಮೇಜಿನ ಕೋಟೆ ಆಡಲಿಕ್ಕೆ. ಹೊಸಬರು ಎಡವುವುದು ಇಲ್ಲೇ. ಬುರುಜು, ಕೊತ್ತಳ ಅಂತ ಗೋಡೆಯಿಂದ ಶುರು ಮಾಡುತ್ತಾರೆ. ಮುಗಿದ ಮೇಲೆ ನೋಡಿದರೆ ಗೊಂಬೆ ನಿಲ್ಲಲು ಜಾಗವಿಲ್ಲ, ಕೈ ಒಳಗೆ ಹೋಗುವುದಿಲ್ಲ. ಮೊದಲು ಹಾದಿ ಹಾಕಬೇಕು. ಮೇಲಿನ ಅಂತಸ್ತಿಗೆ ಕನಿಷ್ಠ ಎರಡು ದಾರಿಯಿರಲಿ: ಒಂದು ಕಾವಲಿರುವ ರಾಜಬೀದಿ, ಇನ್ನೊಂದು ಕಷ್ಟದ ಕಳ್ಳದಾರಿ. ಒಂದೇ ದಾರಿಯ ಕೋಟೆಯಲ್ಲಿ ಆಟ ಬಾಗಿಲಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ಅಳತೆ. ಗೊಂಬೆಗಳು ಸಾಮಾನ್ಯವಾಗಿ 28 ಮಿ.ಮೀ. ಎತ್ತರ, ಅವುಗಳ ಪೀಠ 25 ಮಿ.ಮೀ. ಅಗಲ. ಆಟದಲ್ಲಿ ಒಂದು ಇಂಚಿಗೆ 5 ಅಡಿ ಎಂದು ಲೆಕ್ಕ. ಆ ಪ್ರಕಾರ 100 ಅಡಿಯ ಏರಿಗೆ 20 ಇಂಚು, ಅಂದರೆ ಅರ್ಧ ಮೀಟರು ಎತ್ತರಿಸಬೇಕು. ಆಚೆ ಕೂತವನ ಮುಖವೇ ಕಾಣದು! ಆದ್ದರಿಂದ ನರಗುಂದವನ್ನು ಕುಗ್ಗಿಸಿ ಮೂರೇ ಅಂತಸ್ತು ಮಾಡಿ: ಊರು, ನಡುಗುಡ್ಡ, ನೆತ್ತಿ. ಅಂತಸ್ತಿನ ನಡುವೆ 3 ಇಂಚು ಬಿಟ್ಟರೆ ಬೆರಳು ಸಲೀಸಾಗಿ ಆಡುತ್ತದೆ. ಆಟದ ಲೆಕ್ಕದಲ್ಲಿ ಅದು 15 ಅಡಿ. ಮೇಲಿಂದ ಬಿದ್ದವನಿಗೆ ಪ್ರತಿ 10 ಅಡಿಗೆ ಒಂದು ಆರುಮುಖದ ದಾಳದಷ್ಟು ಪೆಟ್ಟು. ಒಂದು ಅಂತಸ್ತಿಗೆ ಒಂದು ದಾಳ, ಎರಡಕ್ಕೆ ಮೂರು. ಅಂಚಿನಲ್ಲಿ ನಿಲ್ಲುವ ಮೊದಲು ಆಟಗಾರ ಯೋಚಿಸುತ್ತಾನೆ, ನಮಗೆ ಬೇಕಾದದ್ದೂ ಅದೇ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಮೆಟ್ಟಿಲು. ನಿಜವಾದ ಮೆಟ್ಟಿಲಿನ ಪ್ರಮಾಣದಲ್ಲಿ ಮಾಡಿದರೆ ಚಂದ ಕಾಣುತ್ತದೆ, ಆದರೆ ಒಂದು ಗೊಂಬೆಯೂ ನಿಲ್ಲುವುದಿಲ್ಲ. ಪ್ರತಿ ಮೆಟ್ಟಿಲೂ 25 ಮಿ.ಮೀ. ಅಗಲ, 12ರಿಂದ 13 ಮಿ.ಮೀ. ಎತ್ತರ ಇರಲಿ. 3 ಇಂಚು ಏರಲು ಆರು ಮೆಟ್ಟಿಲು, ಅವುಗಳಿಗೆ 15 ಸೆಂ.ಮೀ. ಜಾಗ ಬೇಕು. ಅಷ್ಟು ಜಾಗ ನೆಟ್ಟಗೆ ಸಿಗದಿದ್ದರೆ ಮೂರನೇ ಮೆಟ್ಟಿಲಿಗೆ ಒಂದು ಕಟ್ಟೆ ಮಾಡಿ ಹಾದಿಯನ್ನು ತಿರುಗಿಸಿ. ಗುಡ್ಡದ ಕೋಟೆಯ ಹಾದಿ ಹಾಗೆ ತಿರುವುಗಳಿಂದಲೇ ಏರಿದರೆ ಕಾವಲಿನವನಿಗೆ ಕಲ್ಲು ಉರುಳಿಸಲೂ ಅನುಕೂಲ.

ಸಾಮಾನಿಗೆ ಪೇಟೆ ಅಲೆಯಬೇಕಿಲ್ಲ. ಅಲಂಕಾರದ ಥರ್ಮಕೋಲ್ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧ, ಹಾಗಾಗಿ ಟಿ.ವಿ., ಫ್ರಿಜ್ ಪೆಟ್ಟಿಗೆಯಲ್ಲಿ ಬಂದ ತುಂಡುಗಳನ್ನು ಕಸಕ್ಕೆ ಹಾಕುವ ಬದಲು ಇಲ್ಲಿ ಬಳಸಿ. ಗುಡ್ಡದ ಒಡಲಿಗೆ ಅದು, ಗೋಡೆಗೆ ಧಾರವಾಡ ಪೇಡೆಯ ಖಾಲಿ ಡಬ್ಬಿಯ ರಟ್ಟು, ಏಣಿಗೆ ಊದುಬತ್ತಿಯ ಕಡ್ಡಿ. ಅಂಟಿಗೆ ಫೆವಿಕಾಲ್ ಸಾಕು. ದ್ರಾವಕ ಬೆರೆತ ಅಂಟಾಗಲಿ ಸ್ಪ್ರೇ ಬಣ್ಣವಾಗಲಿ ಥರ್ಮಕೋಲಿಗೆ ತಾಗಿತೋ, ಅದು ಕರಗಿ ಕುಳಿ ಬೀಳುತ್ತದೆ. ಮೊದಲು ಕಪ್ಪು ನೀರುಬಣ್ಣಕ್ಕೆ ಫೆವಿಕಾಲ್ ಕಲಸಿ ಇಡೀ ಮೈಗೆ ಬಳಿಯಿರಿ. ಒಣಗಿದ ಮೇಲೆ ಕುಂಚಕ್ಕೆ ಹತ್ತಿದ ಬೂದುಬಣ್ಣವನ್ನು ಬಹುಪಾಲು ಒರೆಸಿ ತೆಗೆದು, ಉಳಿದ ಪಸೆಯಲ್ಲಿ ಮೇಲ್ಮೇಲೆ ತೀಡಿ. ಉಬ್ಬುಗಳಿಗಷ್ಟೇ ಬಣ್ಣ ಹತ್ತಿ ಕಲ್ಲು ಮೂಡುತ್ತದೆ.

ಅಂತಸ್ತುಗಳನ್ನು ಒಂದಕ್ಕೊಂದು ಅಂಟಿಸಬೇಡಿ. ಕೆಳಗಿನದರಲ್ಲಿ ಊದುಬತ್ತಿ ಕಡ್ಡಿಯ ಗೂಟ, ಮೇಲಿನದರಲ್ಲಿ ಅದಕ್ಕೆ ತೂತು. ಯಾರೋ ಒಳಕೋಣೆಗೆ ನುಗ್ಗಿದರೆ ಮೇಲಿನ ಅಂತಸ್ತನ್ನು ಎತ್ತಿ ಪಕ್ಕಕ್ಕಿಟ್ಟು ಆಟ ಮುಂದುವರಿಸಬಹುದು. ಬುಡವನ್ನು 30 ಸೆಂ.ಮೀ. ಚೌಕದ ನಾಲ್ಕು ತುಂಡಾಗಿ ಮಾಡಿ, ಮೇಲಿನವನ್ನೂ ಆ ಅಳತೆ ಮೀರದಂತೆ ನೋಡಿಕೊಳ್ಳಿ. ಎಲ್ಲವನ್ನೂ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಪೇರಿಸಿ ತೊಡೆಯ ಮೇಲಿಟ್ಟುಕೊಂಡರೆ ಧಾರವಾಡದಲ್ಲಿ ಕಟ್ಟಿದ ಕೋಟೆ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯ ಗೆಳೆಯರ ಮನೆ ಮುಟ್ಟುತ್ತದೆ.