ಜೀರಿಗೆ, ಧನಿಯ ಮತ್ತು ಜ್ಯೂರಿಕ್‌ನ ಒಂದು ಸೀಸೆ

ಕಳೆದ ವರ್ಷ ಪುಣೆಯ ಆಫೀಸಿನಲ್ಲಿ ಪಕ್ಕದ ಸೀಟಿನ ಗೆಳೆಯ ಬೆರಳುದ್ದದ ಗಾಜಿನ ಸೀಸೆಯೊಂದನ್ನು ನನ್ನ ಕೈಗಿಟ್ಟ. ಒಳಗಿದ್ದದ್ದು 2 ಎಂ.ಎಲ್. ಸೆಂಟು. ಅವನಿಗೆ ಸೆಂಟಿನ ಹುಚ್ಚು. ಪೂರ್ತಿ ಬಾಟಲಿಯ ಬೆಲೆ ಹತ್ತು ಸಾವಿರ ರೂಪಾಯಿ ದಾಟುವುದರಿಂದ ನಾಲ್ಕಾರು ಜನ ಸೇರಿ ಕೊಂಡು, ಹೀಗೆ ಸಣ್ಣ ಸೀಸೆಗಳಿಗೆ ಹಂಚಿಕೊಳ್ಳುತ್ತಾರಂತೆ. "ಮಣಿಕಟ್ಟಿಗೆ ಒಂದು ಹನಿ ಸಾಕು. ಉಜ್ಜಬೇಡ. ಸಂಜೆಯವರೆಗೆ ಆಗಾಗ ಮೂಸಿ ನೋಡು" ಎಂದು ಔಷಧಿ ಕೊಟ್ಟವನಂತೆ ಹೇಳಿ ಹೋದ.

ಮೂಸಿದೆ. ಮಾಲ್‌ಗಳಲ್ಲಿ ಮುಖಕ್ಕೆ ರಾಚುವ ಸೆಂಟಿನ ಹಾಗಿರಲಿಲ್ಲ. ಒಣ ಮರ, ಬಿಸಿಲಿಗೆ ಕಾದ ಮಣ್ಣು, ಅದರ ಹಿಂದೆ ತೀರಾ ಪರಿಚಯದ ಇನ್ನೊಂದೇನೋ. ನಾಲಿಗೆ ತುದಿಗೆ ಬಂದ ಹೆಸರು ಬಾಯಿಗೆ ಬಾರದಂತೆ ಅದು ಮಧ್ಯಾಹ್ನವಿಡೀ ಕಾಡಿತು.

ಆ ಸೆಂಟಿನ ಹೆಸರು ಲೇರ್ ದ್ಯು ದೆಸೇರ್ ಮರೊಕೇನ್. ಫ್ರೆಂಚಿನಲ್ಲಿ ಮೊರೊಕ್ಕೊ ಮರುಭೂಮಿಯ ಗಾಳಿ ಎಂದರ್ಥ. ಮಾಡಿದವರು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಆ್ಯಂಡಿ ಟೌವರ್. ಅವರು ಓದಿದ್ದು ರಸಾಯನಶಾಸ್ತ್ರ. ಸುಗಂಧ ಬೆರೆಸುವುದನ್ನು ಯಾವ ಶಾಲೆಗೂ ಹೋಗದೆ ತಾವೇ ಕಲಿತರು. ಗೆಳೆಯರೊಬ್ಬರು ಜ್ಯೂರಿಕ್‌ನಲ್ಲಿ ನಡೆಸುತ್ತಿದ್ದ ಸಣ್ಣ ಅಂಗಡಿಗಾಗಿ ಮೊದಲ ಸೆಂಟು ಮಾಡಿಕೊಟ್ಟರು. 2005ರಲ್ಲಿ ಈ ಮರುಭೂಮಿಯ ಗಾಳಿ ಬಂತು. 2008ರಲ್ಲಿ ವಿಮರ್ಶಕರಾದ ಲೂಕಾ ಟ್ಯೂರಿನ್ ಮತ್ತು ಟಾನ್ಯಾ ಸ್ಯಾಂಚೆಜ್ ಸಾವಿರಕ್ಕೂ ಹೆಚ್ಚು ಸೆಂಟುಗಳಿಗೆ ಅಂಕ ಕೊಟ್ಟು ಒಂದು ಪುಸ್ತಕ ತಂದರು. ದೊಡ್ಡ ದೊಡ್ಡ ಬ್ರ್ಯಾಂಡುಗಳನ್ನು ನಿರ್ದಾಕ್ಷಿಣ್ಯವಾಗಿ ಜಾಡಿಸಿದ ಆ ಪುಸ್ತಕದಲ್ಲಿ ಇದಕ್ಕೆ ಸಿಕ್ಕಿದ್ದು ಐದಕ್ಕೆ ಐದು ನಕ್ಷತ್ರ.

ಇದು ಯಾಕೆ ದೊಡ್ಡ ಮಾತು ಎಂದು ತಿಳಿಯಲು ಈ ಉದ್ಯಮದ ಒಳಗನ್ನು ಸ್ವಲ್ಪ ನೋಡಬೇಕು. ನಾವು ಕೊಳ್ಳುವ ಬಹುತೇಕ ಸೆಂಟುಗಳನ್ನು ಬಾಟಲಿ ಮೇಲೆ ಹೆಸರಿರುವ ಕಂಪನಿ ಮಾಡಿರುವುದಿಲ್ಲ. ಬ್ರ್ಯಾಂಡಿನವರು ತಮಗೆ ಬೇಕಾದದ್ದನ್ನು ಬರೆದುಕೊಡುತ್ತಾರೆ. ಜಿವೊಡಾನ್, ಡಿಎಸ್‌ಎಂ-ಫಿರ್ಮೆನಿಶ್‌ನಂಥ ದೈತ್ಯ ಕಂಪನಿಗಳ ಪರ್ಫ್ಯೂಮರ್‌ಗಳು ಅದಕ್ಕಾಗಿ ಸ್ಪರ್ಧಿಸುತ್ತಾರೆ. ಗ್ರಾಹಕರ ಮೇಲೆ ಪರೀಕ್ಷೆ ನಡೆಯುತ್ತದೆ, ಯಾರಿಗೂ ಬೇಸರವಾಗದ್ದು ಗೆಲ್ಲುತ್ತದೆ. ಜಿವೊಡಾನ್ ಮತ್ತು ಫಿರ್ಮೆನಿಶ್ ಎರಡರ ಬೇರೂ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಅಂದರೆ ಟೌವರ್ ಅವರ ದೇಶದಲ್ಲೇ. ಪರ್ಫ್ಯೂಮರ್ ಆಗಲು ಶಾಲೆಗಳೂ ಇವೆ. ಫ್ರಾನ್ಸಿನ ಗ್ರಾಸ್ ಪಟ್ಟಣದಲ್ಲಿ ಜಾನ್ ಕಾರ್ಲ್ 1946ರಲ್ಲೇ ಒಂದು ಶಾಲೆ ತೆರೆದರು. ವೆರ್ಸಾಯ್‌ನ ಇಸಿಪ್ಕಾ ಶುರುವಾದದ್ದು 1970ರಲ್ಲಿ. ಅಲ್ಲಿ ಸೀಟು ಸಿಗುವವರು ಕೆಲವೇ ಮಂದಿ.

ಒಂಟಿಯಾಗಿ ಕಲಿಯುವವನಿಗೆ ಇದ್ಯಾವುದೂ ಇಲ್ಲ. ಒಂದು ಸೂಕ್ಷ್ಮ ತಕ್ಕಡಿ, ಆಲ್ಕೋಹಾಲು, ಸಾಲಾಗಿ ಜೋಡಿಸಿದ ಸೀಸೆಗಳು, ಒಂದು ನೋಟ್‌ಬುಕ್. ಗಾಢವಾದ ಎಣ್ಣೆಯನ್ನು ನೂರಕ್ಕೆ ಹತ್ತು, ನೂರಕ್ಕೆ ಒಂದು ಎಂದು ತೆಳುಮಾಡಿ ಕಾಗದದ ಪಟ್ಟಿಗೆ ಅದ್ದಿ ಮೂಸಬೇಕು. ಹತ್ತು ನಿಮಿಷಕ್ಕೆ ಹೇಗಿದೆ, ಮರುದಿನ ಬೆಳಿಗ್ಗೆ ಏನು ಉಳಿದಿದೆ ಎಂದು ಬರೆದಿಡಬೇಕು. ಬೆರೆಸಿದ್ದನ್ನು ವಾರಗಟ್ಟಲೆ ಹದಕ್ಕೆ ಬಿಡಬೇಕು. ಕೆಟ್ಟರೆ ಮತ್ತೆ ಮೊದಲಿನಿಂದ. ಪ್ರಶ್ನೆಪತ್ರಿಕೆ ಬರೆಯುವವನೂ ಉತ್ತರ ಬರೆಯುವವನೂ ಅಂಕ ಹಾಕುವವನೂ ಒಬ್ಬನೇ. ಟೌವರ್ ಅವರಿಗೆ ರಸಾಯನಶಾಸ್ತ್ರ ನೆರವಿಗೆ ಇತ್ತು, ನಿಜ. ಆದರೆ ಅಣುವಿನ ಹೆಸರು ಗೊತ್ತಿದ್ದ ಮಾತ್ರಕ್ಕೆ ಯಾವುದರ ಜೊತೆ ಯಾವುದು ಒಗ್ಗುತ್ತದೆ ಎಂಬುದು ತಿಳಿಯುವುದಿಲ್ಲ.

ಇದನ್ನೆಲ್ಲ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕಾರಣ ಸೆಂಟಲ್ಲ. ಅದೇ ವಾರ ನಾನೊಂದು ಇಂಟರ್‌ವ್ಯೂ ಮಾಡಿದ್ದೆ.

ಹುಡುಗ ಬಿ.ಕಾಂ. ಓದಿದವನು. ಪ್ರೋಗ್ರಾಮಿಂಗನ್ನು ತಾನೇ ಕಲಿತು, ಊರಿನ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದ. ನಿಧಾನವಾಗಿ ಓಡುತ್ತಿದ್ದ ಒಂದು ಡೇಟಾಬೇಸ್ ಕ್ವೆರಿ ಕೊಟ್ಟೆ. ಎರಡೇ ನಿಮಿಷದಲ್ಲಿ "ಇಲ್ಲಿ ಇಂಡೆಕ್ಸ್ ಇಲ್ಲ ಸರ್" ಎಂದು ತೋರಿಸಿದ. ನಾನು ಎಂ.ಟೆಕ್. ಮಾಡಿದವನಲ್ಲವೇ? ಇಂಡೆಕ್ಸ್ ಒಳಗಿನ ರಚನೆಗೆ ಏನೆನ್ನುತ್ತಾರೆ, ಹುಡುಕಲು ತಗಲುವ ಸಮಯವನ್ನು ಸೂತ್ರದಲ್ಲಿ ಹೇಗೆ ಬರೆಯುತ್ತಾರೆ ಎಂದು ಕೇಳಿದೆ. "ಹೆಸರು ಗೊತ್ತಿಲ್ಲ ಸರ್. ಹೀಗೆ ಮಾಡಿದರೆ ಬೇಗ ಸಿಗುತ್ತದೆ ಅಂತ ಗೊತ್ತು" ಎಂದ. ಫಾರಂನಲ್ಲಿ 'ಮೂಲಭೂತ ಜ್ಞಾನ ಸಾಲದು' ಎಂದು ಬರೆದು ಟಿಕ್ ಹಾಕಿದೆ. ಅವನ ಫೈಲು ಅಲ್ಲಿಗೆ ಮುಚ್ಚಿತು. ಬರೆಯುವಾಗ ನನಗೆ ಕಿಂಚಿತ್ತೂ ಅನುಮಾನ ಇರಲಿಲ್ಲ.

ಹಬ್ಬಕ್ಕೆ ಊರಿಗೆ ಹೊರಟಾಗ ಸೀಸೆ ಬ್ಯಾಗಿನಲ್ಲೇ ಇತ್ತು. ಅರಸೀಕೆರೆಯಲ್ಲಿ ರೈಲು ಇಳಿದು ಮನೆ ಮುಟ್ಟಿದಾಗ ಅಮ್ಮ ಸಾರಿನ ಪುಡಿಗೆ ಹುರಿಯುತ್ತಿದ್ದಳು. ಪುಣೆಗೆ ನಾನು ಹೊತ್ತುಕೊಂಡು ಹೋಗುವ ಆರು ತಿಂಗಳ ಬಾಬತ್ತು ಅದು. ಆ ಹೊತ್ತಿಗೆ ಸೆಂಟಿನಲ್ಲಿ ಏನೇನಿದೆ ಎಂಬ ಪಟ್ಟಿ ನನಗೆ ಬಾಯಿಪಾಠವಾಗಿತ್ತು: ಮೊದಲಿಗೆ ಕೊತ್ತಂಬರಿ ಬೀಜ, ಜೀರಿಗೆ, ಕಿತ್ತಳೆ ಗಿಡದ ಎಲೆ. ನಡುವೆ ಮಲ್ಲಿಗೆ, ರಾಕ್‌ರೋಸ್ ಪೊದೆಯ ಅಂಟು. ಕೊನೆಗೆ ಸೀಡರ್ ಮರ, ಲಾವಂಚ. ಪಟ್ಟಿ ಗೊತ್ತಿತ್ತೇ ಹೊರತು, ಎಷ್ಟು ಮೂಸಿದರೂ ಒಂದನ್ನೂ ಬಿಡಿಸಿ ಹಿಡಿಯಲು ನನ್ನಿಂದ ಆಗಿರಲಿಲ್ಲ.

ಏನೂ ಹೇಳದೆ ಮಣಿಕಟ್ಟನ್ನು ಅಮ್ಮನ ಮುಂದೆ ಹಿಡಿದೆ. ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿ ಮೂಸಿದಳು.

"ಧನಿಯ ಹಾಕಿದಾರಲ್ಲೋ ಇದಕ್ಕೆ! ಹುರಿದಿದ್ದಲ್ಲ, ಹಸಿದು. ಒಂದು ಚೂರು ಜೀರಿಗೆನೂ ಇದೆ. ಸೆಂಟಿಗೆ ಯಾರಾದ್ರೂ ಜೀರಿಗೆ ಹಾಕ್ತಾರೇನೋ?"

ಹುರಿಯದ ಧನಿಯ ಎಂದದ್ದು ಎಷ್ಟು ಸರಿ ಎಂದು ಆಮೇಲೆ ನೋಡಿದೆ. ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಲಿನಲೂಲ್. ಲ್ಯಾವೆಂಡರ್ ಹೂವಿನಲ್ಲೂ ಇರುವ ಅಂಶ ಅದು. ಅದಕ್ಕೇ ಹಸಿ ಬೀಜಕ್ಕೆ ಹೂವಿನ ಛಾಯೆ. ಹುರಿದಾಗ ಹೊಸ ಘಮಗಳು ಹುಟ್ಟಿ ಆ ಛಾಯೆ ಹಿಂದೆ ಸರಿಯುತ್ತದೆ. ಅಮ್ಮನಿಗೆ ಲಿನಲೂಲ್ ಗೊತ್ತಿಲ್ಲ. ಬಾಣಲೆಯ ಮುಂದೆ ನಿಂತು, ಹೂವಿನ ವಾಸನೆ ಎಲ್ಲಿ ಮುಗಿದು ಸಾರಿನ ವಾಸನೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ನಲವತ್ತು ವರ್ಷದಿಂದ ಹಿಡಿಯುತ್ತಿದ್ದಾಳೆ. ಒಂದು ನಿಮಿಷ ಹೆಚ್ಚಾದರೆ ಪುಡಿ ಕಹಿ, ಕಮ್ಮಿಯಾದರೆ ಹಸಿ ವಾಸನೆ. ಗಡಿಯಾರ ನೋಡಿದ್ದನ್ನು ನಾನು ಕಂಡಿಲ್ಲ. ಗ್ರಾಸ್‌ನ ಶಾಲೆಯಲ್ಲಿ ಜಾನ್ ಕಾರ್ಲ್ ಕಲಿಸುತ್ತಿದ್ದದ್ದೂ ಮೂಗಿನ ಈ ಸಾಧನೆಯನ್ನೇ. ಮೊದಲು ದೂರದ ವಾಸನೆಗಳ ನಡುವಿನ ವ್ಯತ್ಯಾಸ, ಆಮೇಲೆ ಹತ್ತಿರದ ವಾಸನೆಗಳ ನಡುವಿನ ವ್ಯತ್ಯಾಸ.

ಆ ಹುಡುಗನ ಮುಖ ನೆನಪಾಯಿತು. ಅವನಿಗೆ ವಿಷಯ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ನನ್ನ ಬಳಿ ಹೆಸರುಗಳ ಪಟ್ಟಿ ಇತ್ತು, ಮೂಗು ಇರಲಿಲ್ಲ. ಫಾರಂನಲ್ಲಿ ಅಂಕ ಹಾಕುವ ಪೆನ್ನು ಮಾತ್ರ ನನ್ನ ಕೈಯಲ್ಲಿತ್ತು.

ಹೆಸರು ಬೇಡವೆಂದಲ್ಲ. ಹತ್ತು ಜನ ಕೂಡಿ ಕೆಲಸ ಮಾಡುವಲ್ಲಿ ಎಲ್ಲರೂ ಒಂದನ್ನು ಒಂದೇ ಹೆಸರಿನಿಂದ ಕರೆಯಬೇಕಾಗುತ್ತದೆ. ಆದರೆ ಹೆಸರನ್ನು ಒಂದು ವಾರದಲ್ಲಿ ಹೇಳಿಕೊಡಬಹುದು. ಕೆಟ್ಟದ್ದು ಎಲ್ಲಿ ಕೆಟ್ಟಿದೆ ಎಂದು ಎರಡು ನಿಮಿಷದಲ್ಲಿ ಹಿಡಿಯುವುದನ್ನು ಹೇಳಿಕೊಡಲು ವರ್ಷಗಳೇ ಬೇಕು.

ಪುಣೆಗೆ ಮರಳಿದ ಮೇಲೆ ಎಚ್.ಆರ್.ನವರ ಬಳಿ ಹೋಗಿ, ನನ್ನಿಂದ ತಪ್ಪಾಗಿದೆ, ಅವನನ್ನು ಮತ್ತೆ ಕರೆಯಬಹುದೇ ಎಂದು ಕೇಳಿದೆ. ಫೋನ್ ಮಾಡಿದರು. ಅವನು ಬೇರೆ ಕಡೆ ಸೇರಿಯಾಗಿತ್ತು. ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಈಗ ನಮ್ಮ ತಂಡದಲ್ಲಿ ಮೊದಲ ಸುತ್ತು ಬರೀ ಕೆಲಸದ್ದು. ಕೆಟ್ಟುಹೋದ ಕೋಡ್ ಕೊಡುತ್ತೇವೆ, ಸರಿಮಾಡಿ ತೋರಿಸಬೇಕು. ಡಿಗ್ರಿ ಯಾವುದು ಎಂಬುದು ಆ ಸುತ್ತಿನಲ್ಲಿ ನಮಗೆ ಕಾಣಿಸುವುದಿಲ್ಲ.

ಅಂದಹಾಗೆ, ಸೆಂಟಿನ ಬೆಲೆ ಎಷ್ಟೆಂದು ಅಮ್ಮ ಕೇಳಿದ್ದಳು. ಹೇಳಿದೆ. ಬಾಣಲೆ ಇಳಿಸುತ್ತಾ, "ಅಷ್ಟು ದುಡ್ಡಿಗೆ ನಿನ್ನ ಮಕ್ಕಳ ಕಾಲದವರೆಗೂ ಸಾರಿನ ಪುಡಿ ಮಾಡಿಡ್ತೀನಿ" ಎಂದಳು. ಸೀಸೆ ಖಾಲಿಯಾಗಿ ತಿಂಗಳುಗಳಾದವು. ಪುಡಿಯ ಡಬ್ಬಿ ಇನ್ನೂ ಅರ್ಧ ಇದೆ. ಈಗೀಗ ಮುಚ್ಚಳ ತೆಗೆದವನು ಚಮಚ ಹಾಕುವ ಮುಂಚೆ ಒಮ್ಮೆ ಮೂಸುತ್ತೇನೆ. ಧನಿಯ ಸಿಗುತ್ತದೆ. ಜೀರಿಗೆ ಕೆಲವು ದಿನ ಸಿಗುತ್ತದೆ, ಕೆಲವು ದಿನ ಇಲ್ಲ.