ಬೆಕ್ಕಿನ ಗಡಿ ಮೂಗಿಗಷ್ಟೇ ಗೊತ್ತು

ಹಾಲಿನ ಪ್ಯಾಕೆಟ್ ಕತ್ತರಿಸಿದ ಸದ್ದಿಗೆ ಓಡಿಬಂದ ಬೆಕ್ಕು ಕಾಲು ಸುತ್ತುವುದನ್ನು ಗಮನವಿಟ್ಟು ನೋಡಿ. ಮೊದಲು ಹಣೆ, ಆಮೇಲೆ ಕೆನ್ನೆ, ಪಕ್ಕೆ, ಕೊನೆಗೆ ಬಾಲ ಒಂದಾದ ಮೇಲೊಂದು ನಮ್ಮ ಕಾಲಿಗೆ ಸವರಿಕೊಂಡು ಹೋಗುತ್ತವೆ. ಮುದ್ದು ಮಾಡುತ್ತಿದೆ ಎನ್ನುತ್ತೇವೆ. ಅದು ಸುಳ್ಳಲ್ಲ, ಜೊತೆಗೆ ತನ್ನ ವಾಸನೆಯನ್ನೂ ನಮಗೆ ಬಳಿಯುತ್ತಿರುತ್ತದೆ. ಬೆಕ್ಕಿನ ಗದ್ದ, ಕೆನ್ನೆ, ತುಟಿಯಂಚು, ಬಾಲದ ಬುಡ, ಪಂಜದ ಬೆರಳುಗಳ ಸಂದು ಎಲ್ಲೆಲ್ಲೂ ವಾಸನೆಯ ಗ್ರಂಥಿಗಳಿವೆ. ಸೋಫಾ ಪರಚಿದಾಗ ಉಗುರಿನ ಗೀರಿನ ಜೊತೆ ಪಂಜದ ವಾಸನೆಯೂ ಅಲ್ಲಿ ಉಳಿಯುತ್ತದೆ. ಒಟ್ಟಿಗೆ ಬದುಕುವ ಬೆಕ್ಕುಗಳು ಪರಸ್ಪರ ಮೈ ಉಜ್ಜಿ ಇಡೀ ಗುಂಪಿಗೆ ಒಂದೇ ವಾಸನೆ ಬರಿಸಿಕೊಳ್ಳುತ್ತವೆ.

ಸಾಕುಬೆಕ್ಕಿನ ಪೂರ್ವಜ ಆಫ್ರಿಕಾದ ಕಾಡುಬೆಕ್ಕು ಒಂಟಿ ಬೇಟೆಗಾರ. ಜಗಳದಲ್ಲಿ ಕಾಲಿಗೆ ಗಾಯವಾದರೆ ಬೇಟೆ ನಿಂತಿತು, ಹೊಟ್ಟೆಗೆ ಬಿತ್ತು ಏಟು. ಹಾಗಾಗಿ ಎದುರಾಗದೆಯೇ ಸುದ್ದಿ ಮುಟ್ಟಿಸುವ ದಾರಿ ಬೇಕಿತ್ತು. ಬಾಗಿಲಿಗೆ ಅಂಟಿಸಿಹೋದ ಚೀಟಿಯ ಹಾಗೆ, ವಾಸನೆ ಒಡೆಯ ಹೋದ ಮೇಲೂ ಉಳಿಯುತ್ತದೆ. ಹೊತ್ತು ಕಳೆದಂತೆ ಬದಲಾಗುತ್ತದೆ. ಯಾರು ಬಂದಿದ್ದರು ಎಂಬುದರ ಜೊತೆ ಯಾವಾಗ ಎಂಬುದೂ ಮೂಗಿಗೆ ತಿಳಿಯುತ್ತದೆ. ಒಂದೇ ಕಾಂಪೌಂಡ್ ಗೋಡೆಯನ್ನು ಎರಡು ಬೆಕ್ಕುಗಳು ಬೇರೆ ಬೇರೆ ಹೊತ್ತಿನಲ್ಲಿ ಬಳಸಿ, ಕಚ್ಚಾಡದೆ ಇರಲು ಇದು ನೆರವಾಗುತ್ತದೆ.

ಇದರಲ್ಲಿ ಗಂಡುಬೆಕ್ಕಿನ ಮೂತ್ರದ್ದೇ ದೊಡ್ಡ ದನಿ. ಗೋಡೆಗೆ ಬೆನ್ನು ಮಾಡಿ, ಬಾಲವನ್ನು ನೆಟ್ಟಗೆತ್ತಿ ಅದುರಿಸುತ್ತಾ, ಇನ್ನೊಂದು ಬೆಕ್ಕಿನ ಮೂಗಿನ ಎತ್ತರಕ್ಕೆ ಸರಿಯಾಗಿ ಚಿಮ್ಮಿಸುತ್ತದೆ. ಆ ಘಾಟಿನ ಮೂಲ ಫೆಲಿನೀನ್ ಎಂಬ ಅಮೈನೊ ಆಮ್ಲ. ಅದಕ್ಕೆ ಸ್ವತಃ ವಾಸನೆಯಿಲ್ಲ. ನಿಧಾನವಾಗಿ ಒಡೆದು ಗಂಧಕದ ಸಂಯುಕ್ತಗಳಾದಾಗ ಮೂಗು ಮುಚ್ಚಿಕೊಳ್ಳುವಂತಾಗುತ್ತದೆ. ಫೆಲಿನೀನ್ ತಯಾರಾಗಲು ಮೂತ್ರದಲ್ಲಿರುವ ಕಾಕ್ಸಿನ್ ಎಂಬ ಪ್ರೋಟೀನು ಬೇಕೆಂದು 2006ರಲ್ಲಿ ಜಪಾನಿನ ಮಸಾವೊ ಮಿಯಾಜಾಕಿ ಮತ್ತು ಸಂಗಡಿಗರು ತೋರಿಸಿದರು. ಸಂತಾನಹರಣ ಚಿಕಿತ್ಸೆ ಆಗದ ಗಂಡುಗಳಲ್ಲಿ ಇವೆರಡೂ ಹೆಚ್ಚು.

ಇಂಥ ಗುರುತನ್ನು ಮೂಸಿದ ಬೆಕ್ಕು ಕೆಲವೊಮ್ಮೆ ಮೇಲ್ದುಟಿ ಎತ್ತಿ, ಬಾಯಿ ಅರೆ ತೆರೆದು, ಮುಖ ಸಿಂಡರಿಸಿಕೊಂಡು ನಿಲ್ಲುತ್ತದೆ. ಅದು ಅಸಹ್ಯವಲ್ಲ. ಮೇಲಿನ ಮುಂಹಲ್ಲುಗಳ ಹಿಂದಿನ ಸಣ್ಣ ರಂಧ್ರಗಳ ಮೂಲಕ ವಾಸನೆಯ ಕಣಗಳನ್ನು ವಾಸನೆ ಗ್ರಹಿಸುವ ಜೇಕಬ್ಸನ್ ಅಂಗಕ್ಕೆ ತಲುಪಿಸುತ್ತಿರುತ್ತದೆ.

ಬಂಡೀಪುರ, ನಾಗರಹೊಳೆಯ ಹುಲಿಗಳೂ ಹೀಗೆಯೇ ಬಾಲವೆತ್ತಿ ಮರಗಳಿಗೆ ಚಿಮ್ಮಿಸುತ್ತವೆ. ಆ ದ್ರವದಲ್ಲಿರುವ ಕೊಬ್ಬಿನಂಶ ವಾಸನೆ ಬೇಗ ಆರಿಹೋಗದಂತೆ ಹಿಡಿದಿಡುತ್ತದೆ. ಅದರ ಪರಿಮಳಕ್ಕೆ ಕಾರಣ 2-ಅಸಿಟೈಲ್-1-ಪೈರೊಲೀನ್ ಎಂದು ಕಂಡುಕೊಂಡವರು ಕೋಲ್ಕತ್ತದ ವಿಜ್ಞಾನಿ ರತನ್‌ಲಾಲ್ ಬ್ರಹ್ಮಚಾರಿ ಮತ್ತು ಸಂಗಡಿಗರು. ಬಾಸುಮತಿ ಅಕ್ಕಿಗೆ ಘಮ ಕೊಡುವುದೂ ಅದೇ ವಸ್ತು!

ಮನೆಯಲ್ಲಿ ಬೆಕ್ಕಿದ್ದವರಿಗೆ ಇದರಿಂದ ಉಪಯೋಗವಿದೆ. ಪಶುವೈದ್ಯರ ಬಳಿ ಹೋಗಿಬಂದ ಬೆಕ್ಕಿನ ಮೇಲೆ ಇನ್ನೊಂದು ಬುಸುಗುಟ್ಟಿದರೆ, ಆಸ್ಪತ್ರೆಯ ವಾಸನೆಯಿಂದ ಅದು ಪರಕೀಯವಾಗಿದೆ ಎಂದರ್ಥ. ಸ್ವಲ್ಪ ಹೊತ್ತು ಬೇರೆ ಕೋಣೆಯಲ್ಲಿಡಿ. ಪರಿಚಿತ ವಾಸನೆ ಒಮ್ಮೆಲೇ ಅಳಿಸಿಹೋಗದಂತೆ, ಬೆಕ್ಕಿನ ಹಾಸಿಗೆ, ಚಾಪೆಗಳನ್ನೆಲ್ಲ ಒಂದೇ ದಿನ ಒಗೆಯಬೇಡಿ. ಗೋಡೆಯ ಮೇಲಿನ ಮೂತ್ರದ ಕಲೆಗೆ ಫಿನಾಯಿಲ್ ಅಂತೂ ಬೇಡ: ಅದರ ಫೀನಾಲ್ ಅನ್ನು ಬೆಕ್ಕಿನ ಯಕೃತ್ತು ಅರಗಿಸಲಾರದು, ನೆಲದಿಂದ ಪಂಜಕ್ಕೆ, ಪಂಜದಿಂದ ನಾಲಿಗೆಗೆ ಹೋದರೆ ವಿಷ. ಎಂಜೈಮ್ ಇರುವ ಕ್ಲೀನರ್ ವಾಸಿ. ಗಂಡುಬೆಕ್ಕಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಬಹುಪಾಲು ಒರೆಸುವ ಕೆಲಸವೇ ಉಳಿಯುವುದಿಲ್ಲ.