ತೆರೆಯ ಮೇಲಿನ ಅಣೆಕಟ್ಟು, ಆಲಮಟ್ಟಿಯ ಅಣೆಕಟ್ಟು

ಮಕ್ಕಳಿಗೆಂದು ತಯಾರಾದ ಅನಿಮೇಷನ್ ಚಿತ್ರಗಳಲ್ಲಿ, ಅಂದರೆ ಬಿಡಿಬಿಡಿಯಾಗಿ ರಚಿಸಿದ ಸಾವಿರಾರು ಚಿತ್ರಗಳನ್ನು ವೇಗವಾಗಿ ಓಡಿಸಿ ಚಲನೆಯ ಭಾಸ ಮೂಡಿಸುವ ಸಿನಿಮಾಗಳಲ್ಲಿ, ರಾಜಕೀಯ ಸಂದೇಶವನ್ನು ಹುಡುಕುವ ರೂಢಿ ಈಗ ಜಗತ್ತಿನ ಎಲ್ಲೆಡೆ ಇದೆ. ಹೀಗೆ ಹುಡುಕಿ ತೆಗೆದ ಅರ್ಥದಲ್ಲಿ ಕೃತಿಯೊಳಗೆ ನಿಜವಾಗಿ ಇರುವುದೆಷ್ಟು, ನೋಡುಗರು ತಂದು ತುಂಬಿದ್ದೆಷ್ಟು ಎಂಬುದನ್ನು ತೂಗಿ ನೋಡಲು ಕೃಷ್ಣಾ ತೀರದ ಆಲಮಟ್ಟಿ ಒಳ್ಳೆಯ ಸ್ಥಳ. ಏಕೆಂದರೆ 2019ರ ನವೆಂಬರ್‌ನಲ್ಲಿ ಬಿಡುಗಡೆಯಾದ ಡಿಸ್ನಿ ಸಂಸ್ಥೆಯ ‘ಫ್ರೋಜನ್-2’ ಚಿತ್ರದ ಕಥೆ ನಿಂತಿರುವುದೇ ಒಂದು ಅಣೆಕಟ್ಟಿನ ಮೇಲೆ, ಆಲಮಟ್ಟಿಯ ಬದುಕು ನಿಂತಿರುವುದೂ ಅದರ ಮೇಲೆಯೇ.

ಚಿತ್ರದಲ್ಲಿ ಆರೆಂಡೆಲ್ ಎಂಬ ರಾಜ್ಯದ ಅರಸ ರೂನಾರ್ಡ್, ಕಾಡಿನ ನಾರ್ತುಲ್ಡ್ರಾ ಜನರಿಗೆ ಸ್ನೇಹದ ಕಾಣಿಕೆಯೆಂದು ಹೇಳಿ ಅಣೆಕಟ್ಟನ್ನು ಕಟ್ಟಿಸುತ್ತಾನೆ. ಅದು ಅವರ ನೆಲದ ಸತ್ವವನ್ನು ಕುಗ್ಗಿಸಿ ಅವರನ್ನು ತನ್ನ ಹಂಗಿಗೆ ಸಿಲುಕಿಸುವ ಹೂಟವಾಗಿತ್ತೆಂಬುದೂ, ಅನುಮಾನ ತೋಡಿಕೊಂಡ ಆ ಜನರ ನಾಯಕನನ್ನು, ಅವನು ನಿರಾಯುಧನಾಗಿದ್ದಾಗಲೇ, ಅರಸ ಕೊಂದನೆಂಬುದೂ ಮೊಮ್ಮಗಳು ಎಲ್ಸಾಳಿಗೆ ಮಂಜುಗಡ್ಡೆಯಲ್ಲಿ ಹೆಪ್ಪುಗಟ್ಟಿದ ನೆನಪುಗಳ ಮೂಲಕ ತಿಳಿಯುತ್ತದೆ. ಆಗ ಅವಳ ತಂಗಿ ಅನ್ನಾ, ಮಲಗಿದ್ದ ಕಲ್ಲಿನ ದೈತ್ಯರನ್ನು ಎಬ್ಬಿಸಿ, ತನ್ನನ್ನು ಅಟ್ಟಿಸಿಕೊಂಡು ಬರುವಂತೆ ಮಾಡಿ, ಅವರು ಎಸೆದ ಬಂಡೆಗಳಿಂದಲೇ ಅಣೆಕಟ್ಟು ಒಡೆಯುವಂತೆ ನೋಡಿಕೊಳ್ಳುತ್ತಾಳೆ.

ಈ ಕಥೆಯಲ್ಲಿ ರಾಜಕೀಯವನ್ನು ಕಾಣುವುದು ಉತ್ಪ್ರೇಕ್ಷೆಯಲ್ಲ. ನಾರ್ತುಲ್ಡ್ರಾ ಜನರನ್ನು ಚಿತ್ರಿಸಿರುವುದು ಉತ್ತರ ಯುರೋಪಿನ ಮೂಲನಿವಾಸಿಗಳಾದ ಸಾಮಿ ಜನರ ಮಾದರಿಯಲ್ಲಿ. ಇದಕ್ಕಾಗಿ ಡಿಸ್ನಿ ಸಂಸ್ಥೆ ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್‌ಗಳ ಸಾಮಿ ಸಂಸತ್ತುಗಳೊಡನೆ ಲಿಖಿತ ಒಪ್ಪಂದ ಮಾಡಿಕೊಂಡಿತ್ತು. ನಾರ್ವೆಯ ಆಲ್ಟಾ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆಯ ಮೊದಲ ರೂಪದಲ್ಲಿ ಮಾಸಿ ಎಂಬ ಸಾಮಿ ಹಳ್ಳಿ ಮುಳುಗಬೇಕಿತ್ತು. 1979ರಲ್ಲಿ ಸಾಮಿ ಹೋರಾಟಗಾರರು ಆಸ್ಲೋದ ಸಂಸತ್ ಭವನದೆದುರು ಉಪವಾಸ ಕುಳಿತರು, 1981ರಲ್ಲಿ ನೂರಾರು ಪೊಲೀಸರು ಧರಣಿ ನಿರತರನ್ನು ಎತ್ತಿ ಸಾಗಿಸಿದರು. ಹಳ್ಳಿ ಉಳಿಯಿತಾದರೂ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ಇಷ್ಟು ಹಿನ್ನೆಲೆ ಇರುವಾಗ ಚಿತ್ರ ನೋಡಿದ ಸಾಮಿ ಕುಟುಂಬವೊಂದಕ್ಕೆ ಆಲ್ಟಾ ನೆನಪಾದರೆ ಅದು ಸಹಜವಾದ ಓದು.

ಅತಿಯಾಗುವುದು ಅದರ ಮುಂದಿನ ಹೆಜ್ಜೆಯಲ್ಲಿ, ಅಂದರೆ ಈ ಚಿತ್ರವು ಜಗತ್ತಿನ ಎಲ್ಲ ಅಣೆಕಟ್ಟುಗಳ ವಿರುದ್ಧದ ಘೋಷಣೆ ಎಂದು ಹಿಗ್ಗಿಸಿದಾಗ. ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರಲ್ಲಿ ಶಂಕುಸ್ಥಾಪನೆ ಮಾಡಿದ, ಈಗ ಅವರ ಹೆಸರನ್ನೇ ಹೊತ್ತ ಆಲಮಟ್ಟಿ ಜಲಾಶಯದ ಎದುರು ಈ ಓದನ್ನು ಇಟ್ಟು ನೋಡಿದರೆ ಅದರ ಕೊರತೆ ತಿಳಿಯುತ್ತದೆ. ಸುಮಾರು 123 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುವ ಇದರ ಹಿನ್ನೀರಿಗೆ ಬಾಗಲಕೋಟೆ ಪಟ್ಟಣದ ದೊಡ್ಡದೊಂದು ಭಾಗ ಬಲಿಯಾಗಿ, ಊರಿಗೆ ‘ಮುಳುಗಡೆ ನಗರಿ’ ಎಂಬ ಹೆಸರೇ ಬಿತ್ತು, ನವನಗರ ಎಂಬ ಹೊಸ ಊರು ಎದ್ದಿತು. ಹಳ್ಳಿ ಹಳ್ಳಿಗಳೇ ಪುನರ್ವಸತಿ ಕೇಂದ್ರಗಳಿಗೆ ಸ್ಥಳಾಂತರಗೊಂಡವು. ಅದೇ ನೀರಿನಿಂದ 290 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ನಡೆಯುತ್ತದೆ, ಅದೇ ನೀರು ಕೆಳಗಿನ ನಾರಾಯಣಪುರ ಜಲಾಶಯ ಸೇರಿ, ಬರಕ್ಕೆ ಹೆಸರಾದ ಇಂಡಿ, ಸಿಂದಗಿ ಕಡೆಯ ಹೊಲಗಳತ್ತ ಕಾಲುವೆಯಾಗಿ ಹರಿಯುತ್ತದೆ.

2000ದಲ್ಲಿ ಸುಪ್ರೀಂ ಕೋರ್ಟ್ ಇಲ್ಲಿ ಸಮುದ್ರಮಟ್ಟದಿಂದ 519.60 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿತು. 2010ರಲ್ಲಿ ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ನ್ಯಾಯಾಧಿಕರಣ, ಅಂದರೆ ರಾಜ್ಯಗಳ ನಡುವಿನ ನೀರಿನ ತಕರಾರನ್ನು ವಿಚಾರಿಸುವ ವಿಶೇಷ ನ್ಯಾಯಮಂಡಳಿ, ಅದನ್ನು 524.256 ಮೀಟರ್‌ಗೆ ಏರಿಸಲು ಅನುಮತಿಸಿತು. ಈ ಎರಡು ಅಂಕಿಗಳ ನಡುವಿನ ಐದು ಮೀಟರಿಗೂ ಕಡಿಮೆ ಅಂತರದಲ್ಲಿಯೇ ಇಲ್ಲಿನ ರಾಜಕೀಯವೆಲ್ಲ ಇದೆ. ಮಟ್ಟ ಏರಿದರೆ ಮತ್ತಷ್ಟು ಹಳ್ಳಿಗಳು ಮುಳುಗುತ್ತವೆ, ಸಾಂಗ್ಲಿ-ಕೊಲ್ಹಾಪುರಗಳ ಪ್ರವಾಹಕ್ಕೆ ಹಿನ್ನೀರೇ ಕಾರಣವೆಂದು ಮಹಾರಾಷ್ಟ್ರ ದೂರುತ್ತದೆ, ತಮ್ಮ ಪಾಲು ಕುಗ್ಗೀತೆಂದು ಕೆಳಗಿನ ತೆಲುಗು ರಾಜ್ಯಗಳು ಆಕ್ಷೇಪಿಸುತ್ತವೆ. ಏರದಿದ್ದರೆ ಕಾಲುವೆಯ ಕೊನೆಯಂಚಿನ ರೈತ ಇನ್ನೂ ಕಾಯಬೇಕು. ಚಿತ್ರದ ಅಣೆಕಟ್ಟಿನಿಂದಾದರೋ ಒಂದು ಎಕರೆ ಹೊಲವೂ ನೆನೆಯುವುದಿಲ್ಲ, ಅದು ಒಡೆದಾಗ ಒಂದು ಮನೆಯೂ ಬೀಳುವುದಿಲ್ಲ: ಆರೆಂಡೆಲ್‌ನ ಜನ ಮೊದಲೇ ಬೆಟ್ಟ ಹತ್ತಿದ್ದಾರೆ, ನುಗ್ಗಿ ಬಂದ ನೀರಿಗೆ ಎಲ್ಸಾ ಮಂಜಿನ ಗೋಡೆ ಒಡ್ಡುತ್ತಾಳೆ. ಅಪರಾಧ, ತಪ್ಪೊಪ್ಪಿಗೆ, ಪ್ರಾಯಶ್ಚಿತ್ತಗಳ ಕಥೆಗೆ ಇಷ್ಟು ಸಾಕು, ಮಗುವಿಗೆ ಅದು ಹಿಡಿಸುವುದೂ ಅದಕ್ಕಾಗಿಯೇ. ನದಿ ಕಣಿವೆಯೊಂದರ ನ್ಯಾಯ ತೀರ್ಮಾನಕ್ಕೆ ಮಾತ್ರ ಅದು ಸಾಲದು.

ಉತ್ಪ್ರೇಕ್ಷೆಯ ಇನ್ನೊಂದು ಬಗೆಯೆಂದರೆ ಬಿಡಿ ಲಕ್ಷಣಗಳನ್ನು ಹೆಕ್ಕಿ ಪೋಣಿಸುವುದು. ಬೆಲ್ಜಿಯಂನ ಪೇಯೊ 1958ರಲ್ಲಿ ಸೃಷ್ಟಿಸಿದ, ಅನಿಮೇಷನ್ ಮೂಲಕ ಜಗತ್ತಿಗೆ ಪರಿಚಿತರಾದ ನೀಲಿ ಮೈಯ ಸ್ಮರ್ಫ್ ಕುಳ್ಳರ ಸಮಾಜವು ಸ್ಟಾಲಿನ್ ಮತ್ತು ನಾಜಿ ಆಳ್ವಿಕೆಗಳ ನೆರಳಿನ ಸರ್ವಾಧಿಕಾರಿ ಸಮಾಜವೆಂದು ಫ್ರಾನ್ಸಿನ ಆಂಟ್ವಾನ್ ಬ್ಯುಯೆನೊ 2011ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಹಿರಿಯ ಸ್ಮರ್ಫನ ಕೆಂಪು ಟೋಪಿ, ಕುಳ್ಳರೆಲ್ಲ ಕೂಡಿ ದುಡಿಯುವ ಪದ್ಧತಿ ಇಂಥ ವಾದಕ್ಕೆ ಆಧಾರಗಳಾಗುತ್ತವೆ. ಆದರೆ ಒಂದೇ ರೂಪದ ಕುಳ್ಳರ ಗುಂಪಿನಲ್ಲಿ ಹಿರಿಯನನ್ನು ಗುರುತಿಸಲು ಚಿತ್ರಕಾರನಿಗೆ ಬೇರೊಂದು ಬಣ್ಣ ಬೇಕಿತ್ತೆಂಬ ಸರಳ ಕಾರಣ ಅಲ್ಲಿ ಮರೆಯಾಗುತ್ತದೆ.

ಭಾರತದಲ್ಲಂತೂ ಚಿತ್ರ ತಯಾರಾಗುವ ಮೊದಲೇ ಅರ್ಥ ಹಚ್ಚಿದ ಉದಾಹರಣೆಯಿದೆ. ಜಪಾನಿನ ಯುಗೊ ಸಾಕೊ ರಾಮಾಯಣದ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುತ್ತಿದ್ದಾಗ, 1983ರಲ್ಲಿ, ತಪ್ಪು ತಿಳಿವಳಿಕೆಯ ಪತ್ರಿಕಾ ವರದಿಯೊಂದನ್ನು ನಂಬಿ ವಿಶ್ವ ಹಿಂದೂ ಪರಿಷತ್ತು ಜಪಾನಿನ ರಾಯಭಾರ ಕಚೇರಿಗೆ ಪ್ರತಿಭಟನಾ ಪತ್ರ ಬರೆಯಿತು. ಮುಂದೆ ಅವರು ಅನಿಮೇಷನ್ ರಾಮಾಯಣದ ಪ್ರಸ್ತಾವ ಮುಂದಿಟ್ಟಾಗ, ವಿಷಯ ಸೂಕ್ಷ್ಮವಾದದ್ದು, ಅದನ್ನು ಕಾರ್ಟೂನಾಗಿ ತೋರಿಸಲಾಗದು ಎಂದು ಸರ್ಕಾರ ಹಿಂದೆ ಸರಿಯಿತು. ಭಾರತದ ರಾಮಮೋಹನ್ ನಿರ್ದೇಶನದಲ್ಲಿ ಕೈಜೋಡಿಸಿದ ಆ ಸುಂದರ ಚಿತ್ರ ಜಪಾನಿನಲ್ಲಿಯೇ ಸಿದ್ಧವಾಗಬೇಕಾಯಿತು. ಇದು ನಷ್ಟವೇ ಸರಿ.

ಹಾಗೆಂದು ಮಕ್ಕಳ ಕಥೆಗೆ ರಾಜಕೀಯವೇ ಇಲ್ಲವೆನ್ನಲು ಕನ್ನಡಿಗರಿಗೆ ಬಾಯಿಲ್ಲ. 11ನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ, ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿ, ಅಂದರೆ ಯುದ್ಧ ಮತ್ತು ಸಂಧಿಗಳ ಹೊಣೆ ಹೊತ್ತ ಮಂತ್ರಿ. ಅಲ್ಲಿನ ಸಿಂಹ, ಎತ್ತು, ನರಿಗಳು ರಾಜನೀತಿಯನ್ನೇ ಆಡುತ್ತವೆ. ಮಾತಿನ ಹಿಂದೆ ಹೊಳೆಯುವ ಅರ್ಥಕ್ಕೆ ‘ಧ್ವನಿ’ ಎಂದು ಹೆಸರಿಟ್ಟ ಆನಂದವರ್ಧನ, ಬೆಳಕು ಬೇಕಾದವನು ಮೊದಲು ದೀಪವನ್ನು ನೋಡಿಕೊಳ್ಳುವಂತೆ, ಧ್ವನ್ಯರ್ಥ ಬಯಸುವವನು ನೇರ ಅರ್ಥವನ್ನು ಮೊದಲು ಕಾಪಾಡಿಕೊಳ್ಳಬೇಕೆಂದ. ಮಕ್ಕಳ ಚಿತ್ರಕ್ಕೆ ಅರ್ಥ ಹೇಳುವವರು ಕಥೆಯಲ್ಲಿ ಒಗ್ಗದ ಭಾಗಗಳಿಗೂ ಉತ್ತರ ಕೊಡಬೇಕೆಂಬ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

ಸಾಮಿ ಜನರು ತಮ್ಮ ಒಪ್ಪಂದದ ಫಲವಾಗಿ ‘ಫ್ರೋಜನ್-2’ ಚಿತ್ರವನ್ನು ಉತ್ತರ ಸಾಮಿ ಭಾಷೆಯ ಧ್ವನಿಯಲ್ಲಿ ಪಡೆದರು. ನವನಗರದಲ್ಲೋ ನಿಡಗುಂದಿಯ ಸುತ್ತಲ ಪುನರ್ವಸತಿ ಕೇಂದ್ರಗಳಲ್ಲೋ ಹುಟ್ಟಿದ ಮಗುವಿಗೆ ತನ್ನ ಅಜ್ಜಿ ಬಿಟ್ಟುಬಂದ ಮನೆಯ, ಹೊಲದ, ಹಾಗೆಯೇ ಆ ನೀರು ತಲುಪಿದ ದೂರದ ಊರಿನ ಕಥೆಯನ್ನು ಹೇಳುವ ಚಿತ್ರವೊಂದು ಬೇಕು. ಮುಳುಗಡೆಯನ್ನು ಕಣ್ಣಾರೆ ಕಂಡವರು ಇನ್ನೂ ನಮ್ಮ ನಡುವೆ ಇರುವಾಗಲೇ ಕನ್ನಡದ ಬರಹಗಾರರೂ ಅನಿಮೇಷನ್ ಕಲಾವಿದರೂ ಅವರ ಬಳಿ ಹೋಗಿ ಕೇಳಿ ಬರೆದುಕೊಳ್ಳಬೇಕು.